ಒಳಗೆ ಹೋಗುವುದು ಆಣಿ, ಹೊರಗೆ ಬರುವುದು ಮೊಳೆ

ಪುತ್ತೂರು ಸೀಮೆಯ ಬೆಟ್ಟಂಪಾಡಿಯ ಕಡೆ ಅಂಗಡಿಗೆ ಹೋಗಿ ‘ಎರಡಿಂಚಿನ ಮೊಳೆ ಕಾಲು ಕಿಲೋ ಕೊಡಿ’ ಅಂದರೆ ಕೊಡುತ್ತಾರೆ. ಕೊಡುವ ಮೊದಲು ‘ನೀವು ಘಟ್ಟದ ಮೇಲಿನವರಾ?’ ಎಂದು ಕೇಳಿದರೂ ಕೇಳಿಯಾರು. ಈ ಸೀಮೆಯ ಬಾಯಲ್ಲಿ ಅದು ಮೊಳೆಯಲ್ಲ, ಆಣಿ. ತುಳುವಿನಲ್ಲಿ ಆಣಿ, ಹವ್ಯಕರ ಮನೆಮಾತಿನಲ್ಲಿ ಆಣಿ. ಪಾಣಾಜೆ, ಆರ್ಲಪದವು ದಾಟಿ ಕಾಸರಗೋಡು ಜಿಲ್ಲೆಯ ಸ್ವರ್ಗಕ್ಕೆ ಕಾಲಿಟ್ಟರೆ (ಊರಿನ ಹೆಸರೇ ಅದು, ಗಾಬರಿ ಬೇಡ) ಅಲ್ಲಿಯ ಮಲಯಾಳದಲ್ಲೂ ಆಣಿ. ಕೊಂಕಣಿಯವರದು ಖಿಳೊ, ಮರಾಠಿಯವರದು ಖಿಳಾ. ಈ ಎರಡೂ ಸಂಸ್ಕೃತದ ಕೀಲದ ವಂಶದವು. ಮೊಳೆ ಎಂಬ ಮಾತು ಇಲ್ಲಿಯ ಮಕ್ಕಳಿಗೆ ಸಿಗುವುದು ಶಾಲೆಯ ಪುಸ್ತಕದಿಂದ, ಪತ್ರಿಕೆಯಿಂದ.

ಇಷ್ಟು ಸಣ್ಣ ಕಬ್ಬಿಣದ ತುಂಡಿಗೆ ಎರಡು ಹೆಸರೇಕೆ ಎಂದು ಕೇಳಿದರೆ ‘ಕರಾವಳಿಯ ಕನ್ನಡ ಬೇರೆ, ಮೈಸೂರು ಕನ್ನಡ ಬೇರೆ’ ಎಂಬ ಸಿದ್ಧ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಸಾಲದು. ಎರಡೂ ಮಾತುಗಳು ಕಬ್ಬಿಣದ ಹೊರಗೆ ಏನೇನು ಕೆಲಸ ಮಾಡುತ್ತವೆ ಎಂದು ಹುಡುಕುತ್ತ ಹೋದರೆ ಇನ್ನೊಂದು ಸಂಗತಿ ಕಾಣುತ್ತದೆ.

ಮೊಳೆಯಿಂದ ತೊಡಗೋಣ. ನೆನೆಹಾಕಿದ ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಬಿಳಿ ಬಾಲ ಇಣುಕುತ್ತದಲ್ಲ, ಅದು ಮೊಳೆ, ಮೊಳಕೆ. ಇಲ್ಲಿಯವರ ಬಾಯಲ್ಲಿ ಮುಂಗೆ. ‘ಬೀಜ ಮೊಳೆಯಿತು’ ಎನ್ನುವಾಗ ಅದು ಕ್ರಿಯಾಪದ. ಬೀಜ ಬಿಟ್ಟು ಮನಸ್ಸಿಗೆ ಬಂದರೆ ಆಸೆ ಮೊಳೆಯುತ್ತದೆ, ಸಂಶಯ ಮೊಳೆಯುತ್ತದೆ, ಧಾರಾವಾಹಿಗಳಲ್ಲಿ ಪ್ರೀತಿ ಮೊಳೆಯುತ್ತದೆ. ತಮಿಳಿನ ಮುಳೈ ಇದರ ಅಕ್ಕ. ಅಲ್ಲಿ ಅದಕ್ಕೆ ಮೊಳಕೆ ಎಂಬ ಅರ್ಥವೂ ಉಂಟು, ನೆಲಕ್ಕೆ ಹೊಡೆದ ಗೂಟ ಎಂಬ ಅರ್ಥವೂ ಉಂಟು. ಮಲಯಾಳದಲ್ಲಿ ಮುಳ ಅಂದರೆ ಮೊಳಕೆ, ಜೊತೆಗೆ ಬಿದಿರು. ಮಳೆ ಹಿಡಿದ ಮೇಲೆ ಬಿದಿರ ಮೆಳೆಯಲ್ಲಿ ಕಣಿಲೆ ನೆಲ ಸೀಳಿಕೊಂಡು ಮೇಲೇಳುವುದನ್ನು ಕಂಡವರಿಗೆ ಆ ಹೆಸರು ಹೇಗೆ ಬಂತೆಂದು ವಿವರಿಸಬೇಕಾಗಿಲ್ಲ. ಹಾಗಾಗಿ ಬೆಟ್ಟಂಪಾಡಿಯಿಂದ ಅರ್ಧ ಗಂಟೆ ದೂರದ ಗಡಿಯಾಚೆ ಮಲಯಾಳಿ ಅಂಗಡಿಯವನಲ್ಲಿ ಮೊಳೆ ಕೇಳಿದರೆ ಅವನ ಕಣ್ಣಿಗೆ ಮೊದಲು ಬಿದಿರು ಬಂದರೂ ಬಂದೀತು.

ಇನ್ನೊಂದು ಮೊಳೆ ಯಾರೂ ಗಟ್ಟಿಯಾಗಿ ಹೇಳದ್ದು. ಗುದದ ರಕ್ತನಾಳಗಳು ಉಬ್ಬಿ ಹೊರಚಾಚುವ ಕಾಯಿಲೆಗೆ ಮೂಲವ್ಯಾಧಿ ಎಂದು ಔಷಧದ ಜಾಹೀರಾತುಗಳು ಹೇಳುತ್ತವೆ. ಹಳೆಯ ಹೆಸರು ಮೊಳೆರೋಗ. ಕಬ್ಬಿಣದ ಮೊಳೆ ಚುಚ್ಚಿದಂತೆ ನೋಯುತ್ತದೆ, ಅದಕ್ಕೇ ಆ ಹೆಸರು ಎಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಹೊರಗೆ ಮೊಳೆತು ನಿಲ್ಲುತ್ತದೆ ಎಂಬುದೇ ಅಲ್ಲಿಯ ಚಿತ್ರ.

ಮೂರನೆಯ ಮೊಳೆಯ ಕಾಲ ಈಗ ಮುಗಿದಿದೆ, ಆದರೆ ಮಂಗಳೂರು–ಪುತ್ತೂರು ಸೀಮೆಯವರಿಗೆ ಅದರ ಮೇಲೆ ಹಕ್ಕು ಹೆಚ್ಚು. ಅಚ್ಚುಮೊಳೆ. ಸೀಸ, ಆಂಟಿಮನಿ, ತವರ ಬೆರೆಸಿ ಎರಕ ಹೊಯ್ದ ಸಣ್ಣ ಕಡ್ಡಿ, ಅದರ ತುದಿಯಲ್ಲಿ ಉಬ್ಬಿ ನಿಂತ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಒಂದು ಅಕ್ಷರ. ಸೀಸ ಬೇಗ ಕರಗುತ್ತದೆ, ಆಂಟಿಮನಿ ಗಡಸುತನ ಕೊಡುತ್ತದೆ, ತವರ ಸೇರಿದರೆ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರು ಸಮಾಚಾರ’ಕ್ಕೆ ಮೊಳೆಯ ಭಾಗ್ಯ ಇರಲಿಲ್ಲ, ಅದು ಕಲ್ಲಚ್ಚಿನದು. ಆದರೆ ಫರ್ಡಿನಾಂಡ್ ಕಿಟ್ಟೆಲ್‌ರ ನಿಘಂಟು 1894ರಲ್ಲಿ ಅದೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬರುವ ಹೊತ್ತಿಗೆ ಕತೆ ಬದಲಾಗಿತ್ತು. 1,700 ಪುಟ ಮೀರಿದ ಆ ಗ್ರಂಥದ ಒಂದೊಂದು ಅಕ್ಷರವನ್ನೂ ಕೈಯಲ್ಲಿ ಮೊಳೆ ಹೆಕ್ಕಿ ಜೋಡಿಸಿದ್ದು. ‘ಮೊಳೆ’ ಎಂಬ ನಮೂದನ್ನು ಜೋಡಿಸಿದವನ ಬೆರಳಲ್ಲೂ ಮೊಳೆಯೇ ಇತ್ತು!

ಆ ಕೆಲಸಗಾರನ ಹೆಸರು ನಿಘಂಟಿನಲ್ಲಿಲ್ಲ. ಮೊಳೆ ಜೋಡಿಸಿದವರ ಹೆಸರು ಯಾವ ಪುಸ್ತಕದಲ್ಲಿ ತಾನೇ ಇರುತ್ತದೆ? ತಪ್ಪಾದಾಗ ಮಾತ್ರ ಅವರ ನೆನಪಾಗುತ್ತಿತ್ತು, ಅದೂ ‘ಮುದ್ರಾರಾಕ್ಷಸ’ ಎಂಬ ಬಿರುದಿನಲ್ಲಿ.

ನಿಘಂಟುಗಳ ವಿಷಯಕ್ಕೆ ಬಂದರೆ ಪುತ್ತೂರು ಸಾಮಾನ್ಯ ಊರಲ್ಲ. ಶಿವರಾಮ ಕಾರಂತರು ಇಲ್ಲಿ ನೆಲೆಸಿದ್ದಾಗ ಕಾದಂಬರಿ, ಯಕ್ಷಗಾನಗಳ ನಡುವೆ ‘ಸಿರಿಗನ್ನಡ ಅರ್ಥಕೋಶ’ವನ್ನೂ ಮಾಡಿದರು. ಮದ್ರಾಸು ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು ಕಿಟ್ಟೆಲ್ ಕೋಶವನ್ನು ಪರಿಷ್ಕರಿಸಿದ, ಶಂಕರ ಕೆದಿಲಾಯರ ಜೊತೆ 1967ರಲ್ಲಿ ತುಳು–ಇಂಗ್ಲಿಷ್ ನಿಘಂಟು ತಂದ ಮರಿಯಪ್ಪ ಭಟ್ಟರು ಪುತ್ತೂರು ಸೀಮೆಯವರೇ. ಒಂದು ವಸ್ತುವಿಗೆ ಅಂಗಳದಲ್ಲಿ ಒಂದು ಹೆಸರು, ಚಾವಡಿಯಲ್ಲಿ ಒಂದು ಹೆಸರು, ಪೇಟೆಯಲ್ಲಿ ಮತ್ತೊಂದು ಹೆಸರು ಕೇಳುತ್ತ ಬೆಳೆದವರಿಗೆ ನಿಘಂಟಿನ ಹುಚ್ಚು ಹಿಡಿಯುವುದು ಸಹಜ.

ಈಗ ಆಣಿ. ಕಬ್ಬಿಣದ್ದು ಸರಿ. ಅದರಾಚೆಗೆ ಎಲ್ಲರಿಗೂ ಗೊತ್ತಿರುವ ಆಣಿ ಅಂಗಾಲಿನದು. ಘಟ್ಟದ ಮೇಲೂ ಕೆಳಗೂ ಇದಕ್ಕೆ ಒಂದೇ ಹೆಸರು. ಮೈಸೂರಿನವರು ಗೋಡೆಗೆ ಮೊಳೆ ಹೊಡೆದರೂ ಕಾಲಿಗೆ ಆಗುವುದು ಆಣಿಯೇ, ಕಾಲಿಗೆ ಮೊಳೆ ಆಯಿತು ಎಂದು ಯಾರೂ ಹೇಳುವುದಿಲ್ಲ. ಚಪ್ಪಲಿ ಒತ್ತಿಯೋ, ಒಂದೇ ಕಡೆ ಭಾರ ಬಿದ್ದೋ ಚರ್ಮ ದಪ್ಪವಾಗುತ್ತದೆ. ನಡುವಿನ ಗಟ್ಟಿ ತಿರುಳು ಶಂಕುವಿನ ಆಕಾರದಲ್ಲಿ ಮೊನೆ ಕೆಳಗಾಗಿ ಒಳಕ್ಕೆ ಇಳಿಯುತ್ತದೆ. ನಡೆದಾಗಲೆಲ್ಲ ನಮ್ಮ ಮೈಭಾರವೇ ಸುತ್ತಿಗೆಯಾಗಿ ಅದನ್ನು ಇನ್ನಷ್ಟು ಒಳಗೆ ಹೊಡೆಯುತ್ತದೆ. ಹೆಸರಿಟ್ಟವರು ವೈದ್ಯಶಾಸ್ತ್ರ ಓದದಿದ್ದರೂ ಕಾಯಿಲೆಯ ದಿಕ್ಕನ್ನು ಸರಿಯಾಗಿ ಕಂಡಿದ್ದಾರೆ. ಅಂಗಾಲಿನ ನರುಳ್ಳೆ ಇದಕ್ಕಿಂತ ಬೇರೆ, ಅದು ವೈರಸ್ಸಿನಿಂದ ಬರುವಂಥದು. ನೋಡಲು ಎರಡೂ ಒಂದೇ ರೀತಿ ಇರುವುದರಿಂದ ಬ್ಲೇಡು ಹಿಡಿದು ತಾವೇ ಕೆತ್ತಲು ಹೋಗುವವರು ಎಡವುತ್ತಾರೆ. ಸಕ್ಕರೆ ಕಾಯಿಲೆಯವರಂತೂ ಅದನ್ನು ಮುಟ್ಟಲೇಬಾರದು. ಪಾದದ ಸ್ಪರ್ಶಜ್ಞಾನ ಕುಂದಿರುವವರಿಗೆ ಗಾಯವಾದದ್ದೇ ತಿಳಿಯುವುದಿಲ್ಲ.

ಬಂಡಿಯ ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ತೂರಿಸುವ ಗೂಟವೂ ಆಣಿ. ಕಡೆಯಲ್ಲಿರುವ ಆಣಿ, ಕಡಾಣಿ. ಬಯಲುಸೀಮೆಯವರ ಕಡೆಗೀಲು ಇದೇ. ಗುಡ್ಡ, ತೋಡು, ತೋಟಗಳ ಬೆಟ್ಟಂಪಾಡಿಯಲ್ಲಿ ಎತ್ತಿನ ಗಾಡಿಗಿಂತ ತಲೆಹೊರೆಯೇ ಹೆಚ್ಚು ಓಡಾಡಿದ್ದು. ಆದರೂ ಏಪ್ರಿಲ್ 17ರಂದು ಪುತ್ತೂರು ಮಹಾಲಿಂಗೇಶ್ವರನ ಬ್ರಹ್ಮರಥ ಎಳೆಯಲು ಹೋದವರಿಗೆ ಅಷ್ಟು ಭಾರದ ಚಕ್ರವನ್ನು ಅಚ್ಚಿನಲ್ಲಿ ಹಿಡಿದಿಡುವುದೆಂದರೆ ಏನೆಂದು ಗೊತ್ತು. ರಥದ ಚಕ್ರದ ಈ ಕೀಲಿಗೆ ಋಗ್ವೇದದಲ್ಲೂ ಹೆಸರು ಆಣಿಯೇ, ಮೊದಲ ಮಂಡಲದ 35ನೆಯ ಸೂಕ್ತದಲ್ಲಿ ಆ ಮಾತು ಬರುತ್ತದೆ. ಅದು ಸಂಸ್ಕೃತದಿಂದ ನಮ್ಮಲ್ಲಿಗೆ ಬಂತೋ, ನಮ್ಮ ಕಡೆಯ ನುಡಿಗಳಿಂದ ಅತ್ತ ಹೋಯಿತೋ ಎಂಬುದು ವಿದ್ವಾಂಸರ ಜಗಳ. ಚಕ್ರಕ್ಕೆ ಆ ಚಿಂತೆಯಿಲ್ಲ. ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿಬಿದ್ದಾಗ ಕೈಕೇಯಿ ತನ್ನ ಬೆರಳನ್ನೇ ಅಲ್ಲಿಟ್ಟಳು ಎಂಬ ಕತೆಯನ್ನು ತಾಳಮದ್ದಳೆಯ ಅರ್ಥಧಾರಿಗಳು ಇಂದಿಗೂ ರಂಗೇರಿಸಿ ಹೇಳುತ್ತಾರೆ. ಎರಡು ವರಗಳೂ, ವನವಾಸವೂ ಒಂದು ಆಣಿ ಕಳಚಿದ್ದರಿಂದ ಎಂದಾಯಿತು.

ಆಣಿಮುತ್ತು ಬೇರೆ ಜಾತಿಯದು. ಗುಂಡಗಿನ, ದೋಷವಿಲ್ಲದ, ಮೇಲ್ದರ್ಜೆಯ ಮುತ್ತು. ತಮಿಳಿನಲ್ಲಿ ಆಣಿಪ್ಪೊನ್ ಅಂದರೆ ಬೇರೆ ಚಿನ್ನವನ್ನು ಒರೆಗೆ ಹಚ್ಚಿ ಹೋಲಿಸಲು ಮಾದರಿಯಾಗಿ ಇಟ್ಟುಕೊಳ್ಳುವ ಅಪ್ಪಟ ಚಿನ್ನ. ಚಿನಿವಾರರು ಅಂಥ ಮಾದರಿಯನ್ನು ಸಣ್ಣ ಕಡ್ಡಿಗಳಾಗಿ ಇಟ್ಟುಕೊಳ್ಳುತ್ತಿದ್ದರು. ಕಡ್ಡಿಯ ಹೆಸರೇ ಗುಣಕ್ಕೂ ಅಂಟಿಕೊಂಡಿರಬೇಕು. ಅಲುಗಾಡದ ಅಳತೆ ಎಂಬ ಅರ್ಥ. ಹಾಗೆಂದು ದೈವದ ಬೆನ್ನ ಹಿಂದೆ ಕಟ್ಟುವ ಅಣಿಯನ್ನು ಇದರ ಜೊತೆ ಕಲಸಬೇಡಿ. ಅದು ಹ್ರಸ್ವ ಅ. ನೇಮದಲ್ಲಿ ತೆಂಗಿನ ಸಿರಿಯಿಂದ ಸಿಂಗರಿಸಿ ಪ್ರಭಾವಳಿಯಂತೆ ಎತ್ತಿ ಕಟ್ಟುವಂಥದು. ಅಣಿಗೂ ಆಣಿಗೂ ನಂಟಿಲ್ಲ. ಹೊರಗಿನಿಂದ ಬಂದ ವರದಿಗಾರರು ಒಂದು ದೀರ್ಘ ಹೆಚ್ಚು ಹಾಕಿ ದೈವಕ್ಕೆ ಕಬ್ಬಿಣ ಕಟ್ಟಿಸಿಬಿಡುತ್ತಾರೆ.

ಈ ಎರಡು ಗುಂಪುಗಳನ್ನು ಎದುರುಬದುರು ಇಟ್ಟು ನೋಡಿ. ಮೊಳಕೆ, ಕಣಿಲೆ, ಮೊಳೆರೋಗ, ಉಬ್ಬಿದ ಅಕ್ಷರದ ಅಚ್ಚುಮೊಳೆ: ಎಲ್ಲವೂ ಒಳಗಿನಿಂದ ಹೊರಕ್ಕೆ ಬರುವಂಥವು, ಚಾಚಿ ನಿಲ್ಲುವಂಥವು. ಅಂಗಾಲಿನ ಗಂಟು, ಚಕ್ರದ ಗೂಟ: ಇವು ಒಳಕ್ಕೆ ಹೋಗಿ ಹಿಡಿದು ಕೂರುವಂಥವು. ಮೊಳೆಯ ಮನಸ್ಸು ಹೊರಕ್ಕೆ, ಆಣಿಯ ಮನಸ್ಸು ಒಳಕ್ಕೆ. ಕಬ್ಬಿಣದ ತುಂಡಿನ ಹತ್ತಿರ ಮಾತ್ರ ಇಬ್ಬರೂ ಬಂದು ಸೇರಿದ್ದಾರೆ. ಘಟ್ಟದ ಮೇಲಿನವರು ಅದರ ರೂಪ ನೋಡಿ, ಮೊಳಕೆಯಂತೆ ಮೊನಚಾಗಿದೆ ಎಂದು ಹೆಸರಿಟ್ಟರು. ಕರಾವಳಿಯವರು ಅದರ ಕೆಲಸ ನೋಡಿ, ಒಳಹೊಕ್ಕು ಬಿಗಿಯುತ್ತದೆ ಎಂದು ಹೆಸರಿಟ್ಟರು. ಇದು ನನ್ನ ಲೆಕ್ಕ, ಭಾಷಾವಿಜ್ಞಾನಿಗಳ ಮುದ್ರೆ ಇದಕ್ಕಿಲ್ಲ. ಆದರೆ ಗುದದ್ದು ಆಣಿ, ಅಂಗಾಲಿನದು ಮೊಳೆ ಎಂದು ಹೆಸರು ಅದಲುಬದಲು ಮಾಡುವ ಕನ್ನಡಿಗನನ್ನು ನಾನಂತೂ ಕಂಡಿಲ್ಲ.

ಹಾಗಾದರೆ ಕರಾವಳಿಯಲ್ಲಿ ಆಣಿ ತುಂಬ ಕೆಲಸ ಮಾಡಿರಬೇಕಲ್ಲ? ತಮಾಷೆ ಎಂದರೆ ಹಳೆಯ ಮನೆಗಳಲ್ಲಿ ಕಬ್ಬಿಣದ ಆಣಿ ಕಡಿಮೆ. ತೊಲೆ, ಕಂಬ, ದಾರಂದಗಳಿಗೆ ಮರಕ್ಕೆ ಮರವೇ ಕಚ್ಚುವ ಕೂಡು, ಅದಕ್ಕೊಂದು ಮರದ ಆಣಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬಂದ ಮಂಗಳೂರು ಹಂಚು ಕೂಡ ಆಣಿ ಬೇಡದ ಜಾಣತನ. ಹಂಚಿನ ಅಡಿಯಲ್ಲಿರುವ ಗುಬ್ಬಿ ರೀಪಿಗೆ ಸಿಕ್ಕಿಕೊಂಡು ತನ್ನ ಭಾರದಲ್ಲಿ ತಾನೇ ಕೂರುತ್ತದೆ. ಆಣಿ ಬೇಕಾಗುವುದು ಆ ರೀಪನ್ನು ಪಕ್ಕಾಸಿಗೆ ಹೊಡೆಯುವಾಗ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಕಬ್ಬಿಣ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ತುಕ್ಕು ಆಣಿಯನ್ನು ತಿಂದು ಅಲ್ಲಿಗೆ ನಿಲ್ಲುವುದಿಲ್ಲ, ಸುತ್ತಲಿನ ಮರವನ್ನೂ ಕಪ್ಪುಗಟ್ಟಿಸಿ ಕೊಳೆಸುತ್ತದೆ.

ಆಣಿ ಹೊಡೆಯುವುದರಲ್ಲೂ ಒಂದು ಗುಟ್ಟಿದೆ. ಅನುಭವಸ್ಥ ಆಚಾರಿಗಳು ಹಲಗೆಯ ಅಂಚಿನಲ್ಲಿ ಹೊಡೆಯುವ ಮೊದಲು ಆಣಿಯನ್ನು ತಲೆಕೆಳಗಾಗಿ ಹಿಡಿದು ಮೊನೆಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು ಮೊಂಡು ಮಾಡುತ್ತಾರೆ. ಮೊನಚು ಇದ್ದರೆ ಸುಲಭವಾಗಿ ಹೋಗುವುದಿಲ್ಲವೇ ಎಂದು ನಮಗೆ ಅನಿಸುತ್ತದೆ. ಮೊನಚಾದದ್ದು ಬೆಣೆಯ ಕೆಲಸ ಮಾಡಿ ನಾರುಗಳನ್ನು ಎರಡು ಕಡೆಗೆ ತಳ್ಳುತ್ತದೆ, ಹಲಗೆ ಸೀಳುತ್ತದೆ. ಮೊಂಡಾದದ್ದು ಎದುರು ಸಿಕ್ಕ ನಾರನ್ನು ಜಜ್ಜಿಕೊಂಡು ದಾರಿ ಮಾಡುತ್ತದೆ. ಆಣಿ ನಿಲ್ಲುವುದು ಮೊನೆಯಿಂದಲ್ಲ. ಬಗ್ಗಿದ ನಾರುಗಳು ಹಿಂದಕ್ಕೆ ಬರಲು ನೋಡುತ್ತ ಅದರ ಮೈಯನ್ನು ಒತ್ತಿ ಹಿಡಿಯುತ್ತವೆ, ಆ ಘರ್ಷಣೆಯಿಂದ ನಿಲ್ಲುತ್ತದೆ. ಗಟ್ಟಿ ಮರವಾದರೆ ಬೈರಿಗೆಯಿಂದ ಮೊದಲೇ ತೂತು ಕೊರೆಯಬೇಕು.

ತೋಟದಲ್ಲಿ ಬರಿಗಾಲಲ್ಲಿ ತಿರುಗುವವರ ಇನ್ನೊಂದು ನಂಬಿಕೆಯನ್ನೂ ಇಲ್ಲೇ ತಿದ್ದಿಬಿಡುತ್ತೇನೆ. ‘ಹೊಸ ಆಣಿ, ತುಕ್ಕಿಲ್ಲ, ಇಂಜೆಕ್ಷನ್ ಬೇಡ’ ಎಂಬುದು ಅಪಾಯದ ಮಾತು. ಧನುರ್ವಾಯು ಬರುವುದು ತುಕ್ಕಿನಿಂದಲ್ಲ. ಮಣ್ಣಿನಲ್ಲಿ, ಸೆಗಣಿಯಲ್ಲಿ ವರ್ಷಗಟ್ಟಲೆ ಬದುಕಿರಬಲ್ಲ ಬ್ಯಾಕ್ಟೀರಿಯಾದ ಬೀಜಕಣಗಳಿಂದ. ಆಣಿಯ ಗಾಯ ಬಾಯಿ ಸಣ್ಣದು, ಆಳ ಜಾಸ್ತಿ, ಗಾಳಿ ಆಡುವುದಿಲ್ಲ. ಗಾಳಿಯಿಲ್ಲದ ಕಡೆಯೇ ಆ ಬ್ಯಾಕ್ಟೀರಿಯಾ ಬೆಳೆಯುವುದು. ಕಂಗಿನ ಬುಡಕ್ಕೆ ಹಟ್ಟಿಗೊಬ್ಬರ ಹಾಕುವ ಊರಿನಲ್ಲಿ ಹೊಳೆಯುವ ಆಣಿ ಚುಚ್ಚಿದರೂ, ಮುಳ್ಳು ಹೊಕ್ಕರೂ ಆಸ್ಪತ್ರೆಗೆ ಹೋಗಿ ಬರಬೇಕು. ನಾವು ಟಿಟಿ ಎಂದು ಕೇಳುವ ಚುಚ್ಚುಮದ್ದಿನ ಜಾಗದಲ್ಲಿ ಈಗ ಡಿಫ್ತೀರಿಯಾಕ್ಕೂ ಸೇರಿದ ಟಿಡಿ ಕೊಡುತ್ತಾರೆ.

ಪತ್ರಿಕೆಯವರ ಮೊಳೆಯ ಬಗ್ಗೆ ಒಂದು ಮಾತು. ಯಾವ ಪಕ್ಷ ಸೋತರೂ, ಯಾವ ಯೋಜನೆ ನಿಂತರೂ ‘ಶವಪೆಟ್ಟಿಗೆಗೆ ಕೊನೆಯ ಮೊಳೆ’ ಎಂಬ ತಲೆಬರಹ ತಪ್ಪುವುದಿಲ್ಲ. ಓದುಗರಲ್ಲಿ ಬಹುಪಾಲು ಜನ ಸತ್ತವರನ್ನು ಸುಡುವವರು, ಚಟ್ಟ ಕಟ್ಟುವವರು. ಚಟ್ಟಕ್ಕೆ ಮೊಳೆ ಹೊಡೆದದ್ದನ್ನು ಯಾರು ನೋಡಿದ್ದಾರೆ? ಎಳ್ಳುನೀರು ಬಿಡುವುದು ಎಂಬ ಸೊಗಸಾದ ಮಾತು ನಮ್ಮಲ್ಲೇ ಇರುವಾಗ ಈ ಪೆಟ್ಟಿಗೆಯನ್ನು ಹೊತ್ತು ತಿರುಗುವ ಕಷ್ಟವೇಕೋ.

ಶವಪೆಟ್ಟಿಗೆಯ ಮಾತು ಬಂದ ಇಂಗ್ಲಿಷಿನಲ್ಲಿ ಇನ್ನೊಂದು ಗೊಂದಲವಿದೆ. ಗೋಡೆಗೆ ಹೊಡೆಯುವುದೂ ನೇಲ್, ಬೆರಳ ತುದಿಯಲ್ಲಿ ಬೆಳೆಯುವುದೂ ನೇಲ್. ಅವರ ನೇಲಿಗೂ ಸಂಸ್ಕೃತದ ನಖಕ್ಕೂ ರಕ್ತಸಂಬಂಧವಿದೆ, ಬಲು ಹಿಂದೆ ಮೂಲ ಒಂದೇ. ದ್ರಾವಿಡ ನುಡಿಗಳು ಈ ಎರಡನ್ನು ಒಂದೇ ಚೀಲಕ್ಕೆ ಹಾಕಲಿಲ್ಲ. ಕನ್ನಡಕ್ಕೂ ತುಳುವಿಗೂ ಉಗುರು, ತಮಿಳಿಗೆ ಉಗಿರ್, ತೆಲುಗಿಗೆ ಗೋರು. ಕಬ್ಬಿಣದ ಹೆಸರಿನಲ್ಲಿ ಒಡೆದುಹೋದ ಘಟ್ಟದ ಮೇಲೂ ಕೆಳಗೂ ಮೈಯ ಹೆಸರಿನಲ್ಲಿ ಒಂದೇ.

ಉಗುರು ನಮ್ಮಲ್ಲಿ ಅಳತೆಗೋಲು. ಹಾಲಿಗೆ ಹೆಪ್ಪು ಹಾಕಲು ಉಗುರುಬೆಚ್ಚಗೆ ಇರಬೇಕು. ಸುಮಾರು 40 ಡಿಗ್ರಿ ಎಂದು ವಿಜ್ಞಾನದ ಪುಸ್ತಕ ಹೇಳುವುದನ್ನು ಬೆರಳ ತುದಿ ಅದ್ದಿ ನೋಡುವ ಅಮ್ಮಂದಿರು ಥರ್ಮಾಮೀಟರ್ ಇಲ್ಲದೆ ಹಿಡಿಯುತ್ತಾರೆ. ಸಣ್ಣ ಕೆಲಸಕ್ಕೂ ಉಗುರೇ ಮಾಪು: ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆ ಪಂಚಾಯಿತಿಯ ಜಗಳಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ. ಕಷ್ಟದ ಮೇಲೆ ಕಷ್ಟ ಬಂದರೆ ಉಗುರುಸುತ್ತಿನ ಮೇಲೆ ಒನಕೆ ಪೆಟ್ಟು. ಆ ಉಗುರುಸುತ್ತಿಗೆ ಲಿಂಬೆಹಣ್ಣು ಕೊರೆದು ಬೆರಳಿಗೆ ಟೊಪ್ಪಿ ಹಾಕುವ ಮದ್ದು ಗೊತ್ತಿಲ್ಲದ ಮನೆ ಇಲ್ಲ. ಉಡುಪಿಯ ಮಧ್ವಾಚಾರ್ಯರು ನರಸಿಂಹನ ಉಗುರುಗಳನ್ನೇ ಸ್ತುತಿಸಿ ಎರಡು ಶ್ಲೋಕ ಬರೆದರು, ಅದು ನಖಸ್ತುತಿ. ಹುಲಿಯ ಉಗುರಿನ ಕತೆ ಅಷ್ಟು ಪವಿತ್ರವಲ್ಲ. 2023ರ ಅಕ್ಟೋಬರಿನಲ್ಲಿ ಟಿವಿ ರಿಯಾಲಿಟಿ ಶೋದ ಸ್ಪರ್ಧಿಯೊಬ್ಬರು ಹುಲಿಯುಗುರಿನ ಪದಕ ಹಾಕಿಕೊಂಡು ಬಂಧನಕ್ಕೊಳಗಾದಾಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹೆಸರು ಕೇಳಿ ರಾಜ್ಯದಲ್ಲಿ ಎಷ್ಟೋ ಸರಗಳು ರಾತ್ರೋರಾತ್ರಿ ಕುತ್ತಿಗೆಯಿಂದ ಇಳಿದವು.

ಕೈಬೆರಳಿನ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧದಷ್ಟು. ಬುಡದಲ್ಲಿ ಹುಟ್ಟಿ ತುದಿಗೆ ಬರಲು ಕೈಯಲ್ಲಾದರೆ ಐದಾರು ತಿಂಗಳು ಬೇಕು. ಮದುವೆಗೆ ಹಾಕಿದ ಮದರಂಗಿ ಅಂಗೈಯಿಂದ ಒಂದೆರಡು ವಾರದಲ್ಲಿ ಮಾಯವಾದರೂ ಉಗುರಿನ ಮೇಲೆ ಅರ್ಧ ಚಂದ್ರನಂತೆ ಸವೆಯುತ್ತ ತಿಂಗಳುಗಟ್ಟಲೆ ಉಳಿಯುವುದು ಇದಕ್ಕೇ. ಚರ್ಮ ಮೇಲಿನ ಪದರವನ್ನು ಉದುರಿಸಿಕೊಳ್ಳುತ್ತದೆ, ಉಗುರು ಉದುರಿಸುವುದಿಲ್ಲ, ಮುಂದಕ್ಕೆ ತಳ್ಳುತ್ತದೆ ಅಷ್ಟೆ.

ಚುನಾವಣಾ ಆಯೋಗ ನಂಬಿಕೊಂಡಿರುವುದೂ ಈ ನಿಧಾನವನ್ನೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಅಳಿಸಲಾಗದ ಶಾಯಿ ಒದಗಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಕೂರುತ್ತದೆ. ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಕೆಳಗಿನ ಗಂಟಿನವರೆಗೆ ಗೆರೆ ಎಳೆಯುವುದರಿಂದ ಚರ್ಮದ ಭಾಗ ಬೇಗ ಹೋದರೂ ಉಗುರಿನ ಭಾಗ ಉಳಿಯುತ್ತದೆ. ಅದು ಮುಂದೆ ಮುಂದೆ ಬಂದು ನೇಲ್ ಕಟರಿಗೆ ಸಿಗುವಷ್ಟರಲ್ಲಿ ಇನ್ನೊಂದು ಚುನಾವಣೆ ಬಂದರೆ ಬೂತಿನವರು ಹಳೆಯ ಗೆರೆಯನ್ನು ಬಿಟ್ಟು ಪಕ್ಕದ ಬೆರಳನ್ನು ಕೇಳುತ್ತಾರೆ.